ತೊಲೆಯ ಮೇಲಿನ ಗೆರೆ

ಬಡಗಿ ಆಚಾರ್ರು ಏಣಿ ಹತ್ತಿ ತೊಲೆಯ ಮೇಲಿನ ಗೆರೆಗುಂಟ ಉಗುರು ಓಡಿಸುತ್ತಿದ್ದರೆ, ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಬಸ್ರೂರಿನ ನಮ್ಮ ಮನೆಯಂಗಳದ ಹಾಯ್ಗುಳಿ ದೈವದ ಗುಡಿಯ ತೊಲೆ ಅದು. ತಲೆಮಾರುಗಳ ದೀಪದ ಮಸಿ ಹೋಗಲೆಂದು ಹಿಂದಿನ ದಿನ ಅಂಟುವಾಳದ ನೀರು ಹಾಕಿ ತಿಕ್ಕಿದವಳು ನಾನೇ. ಮಸಿ ಹೋಯಿತು, ನಟ್ಟನಡುವೆ ಗೆರೆಯೊಂದು ಎದ್ದಿತು. ತೊಲೆ ಸೀಳಿದೆ, ಇನ್ನು ಗುಡಿ ಕೆಡವಿ ಕಾಂಕ್ರೀಟಿನದು ಕಟ್ಟುವುದೇ ಸೈ ಎಂದು ದೊಡ್ಡಪ್ಪ ಸಿಮೆಂಟಿಗೂ ಹೇಳಿಯಾಗಿತ್ತು. ಕಡೆಗೊಮ್ಮೆ ಆಚಾರ್ರು ನೋಡಲಿ ಎಂದು ಹಟ ಹಿಡಿದು ಕರೆಸಿದ್ದೆ.

ಆಚಾರ್ರು ಮೇಲಿಂದಲೇ ದೊಡ್ಡಪ್ಪನನ್ನು ನೋಡಿ ನಕ್ಕರು. "ಹ್ವಾಯ್ ಶೆಟ್ರೆ, ಬಿರ್ಕ್ ಎಲ್ಲಾರೂ ಗೀಟ್ ಹಾಕ್ದಂಗೆ ನೆಟ್ಟಗೆ ಹೋತ್ತಾ? ಇದ್ ಎರ್ಡ್ ಮರ ಕೂಡ್ಸಿದ್ ಜಾಗ. ಮಗೂಗೆ ನೀರ್ ಮೀಸಿ, ಮಚ್ಚೆ ಕಂಡ್, ಹುಣ್ಣ್ ಅಂದಂಗಾಯ್ತ್ ನಿಮ್ದ್!"

"ಹಂಗಾರೆ ಬೀಳುದಿಲ್ಯಾ?" ದೊಡ್ಡಪ್ಪನ ದನಿ ಸಣ್ಣದಾಗಿತ್ತು.

"ನೀವ್ ಬೀಳ್ಸದಿದ್ರೆ ಬೀಳುದಿಲ್ಲೆ."

ದೊಡ್ಡಪ್ಪ ಅಲ್ಲೇ ಫೋನ್ ತೆಗೆದು ಸಿಮೆಂಟ್ ಬೇಡವೆಂದರು. ಒಂದು ಮೊಳೆಯೂ ಇಲ್ಲದೆ ಆ ಎರಡು ಮರಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡು, ನಮ್ಮ ಅಜ್ಜನ ಅಜ್ಜನ ಕಾಲದಿಂದ ಹೆಂಚಿನ ಮಾಡನ್ನು ಹೊತ್ತಿವೆ. ಜೋಡಿಸಿದ ಕೈ ಯಾರದೋ ಗೊತ್ತಿಲ್ಲ. ಗುಡಿಗೆ ಕೈಮುಗಿಯುವಾಗ ಈಗ ಅವರಿಗೂ ಸೇರಿಸಿಯೇ ಮುಗಿಯುತ್ತೇನೆ.