ಬೀದಿಗೆಲ್ಲ ಮೆರೂನ್ ತೊಡಿಸಿದ ಟೈಲರಣ್ಣ

ಒಂದು ವರ್ಷ ನಮ್ಮ ಬೀದಿಯ ಗಂಡಸರೆಲ್ಲ ಮೆರೂನ್ ಅಂಗಿಯಲ್ಲೇ ತಿರುಗಿದೆವು. ಬಿಳಿ ಬಟ್ಟೆ ಒಯ್ದರೆ ಟೈಲರಣ್ಣ ಮೂಗು ಮುರಿಯುತ್ತಿದ್ದ. "ಬಿಳೀದು ಈಗ ಯಾರ್ರೀ ಹಾಕ್ತಾರೆ? ಮೆರೂನ್ ತನ್ನಿ, ವಯಸ್ಸೇ ಗೊತ್ತಾಗಲ್ಲ." ನಾನೂ ನಂಬಿ ಎರಡು ಹೊಲಿಸಿಕೊಂಡೆ. ಕನ್ನಡಿ ಬೇರೇನೋ ಹೇಳಿತು, ಆದರೆ ಅವನ ಮಾತಿನ ಮುಂದೆ ಕನ್ನಡಿ ಯಾವ ಲೆಕ್ಕ!

ಅವನಿಗೆ ಬಲಗೈ ಇಲ್ಲ. ಹರೆಯದಲ್ಲಿ ಮಿಲ್ಲಿನ ಮಿಷನ್ನಿಗೆ ಸಿಕ್ಕಿ ಹೋಯಿತು. ಆ ಕೈಯ ಕೆಲಸವನ್ನೆಲ್ಲ ಹಲ್ಲಿಗೆ ವಹಿಸಿದ್ದ. ಬಟ್ಟೆಯ ತುದಿ ಕಚ್ಚಿ ಹಿಡಿದು ಕತ್ತರಿಸುವುದು, ದಾರ ಕಡಿಯುವುದು, ಗುಂಡುಸೂಜಿ ಕಚ್ಚಿಕೊಂಡೇ ನಮ್ಮನ್ನು ಬೈಯುವುದು. ಅವನ ಹೆಂಡತಿ, ನಮಗೆಲ್ಲ ಅತ್ತಿಗೆ, "ಕೊಡ್ರೀ, ನಾನು ಹಿಡ್ಕೋತೀನಿ" ಎಂದರೆ "ಅಡ್ಡ ಬರಬೇಡ" ಎಂದು ಗದರುತ್ತಿದ್ದ. ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಆ ವರ್ಷ ಅವನು ಗಟ್ಟಿ ಪದಾರ್ಥ ತಿನ್ನುವುದನ್ನು ಬಿಟ್ಟ. ನಕ್ಕರೂ ಬಾಯಿ ಮುಚ್ಚಿಕೊಂಡೇ ನಗುತ್ತಿದ್ದ. ತಮ್ಮ ಅಡುಗೆ ಹಿಡಿಸುತ್ತಿಲ್ಲವೆಂದು ಅತ್ತಿಗೆ ಮುಖ ಊದಿಸಿಕೊಂಡಿದ್ದರು.

ಗುಟ್ಟು ರಟ್ಟಾದದ್ದು ಹಲ್ಲಿನ ಡಾಕ್ಟರಮ್ಮ ಬಿಳಿ ಕೋಟು ಹೊಲಿಸಲು ಬಂದ ದಿನ. ನಾನೂ ಅತ್ತಿಗೆಯೂ ಅಲ್ಲೇ ಇದ್ದೆವು.

"ಮೆರೂನ್ ಆದ್ರೆ ನಿಮಗೆ ಒಪ್ಪುತ್ತೆ, ಡಾಕ್ಟರಮ್ಮ."

"ಮೆರೂನ್ ಕೋಟಾ? ಬ್ಯಾಂಡ್‌ಸೆಟ್ ಬಂತು ಅಂತ ಪೇಷೆಂಟುಗಳು ಎದ್ದು ನಿಲ್ತಾರೆ ಅಷ್ಟೇ!"

ಬೇರೆ ದಾರಿಯಿಲ್ಲದೆ ಅವನು ಬಟ್ಟೆಯ ತುದಿ ಕಚ್ಚಿ ಕತ್ತರಿ ಎತ್ತಿದ. ಬಿಳಿಯ ಮೇಲೆ ಕೆಂಪು ಕಲೆ ಹರಡಿತು. ನಾನು ಮೆಲ್ಲಗೆ ನನ್ನ ಅಂಗಿ ನೋಡಿಕೊಂಡೆ.

"ಬಾಯಿ ತೆಗೀರಿ," ಎಂದರು ಡಾಕ್ಟರಮ್ಮ.

"ತೆಗೆಯಲ್ಲ. ನೀವು ಕೀಳ್ತೀರಿ. ಒಂದು ಕೈ ಮಿಷನ್ನಿಗೆ ಕೊಟ್ಟಾಯ್ತು. ಅದರ ಬದಲಿಗೆ ನನಗಿರೋದು ಇವೇ ಹಲ್ಲು." ಅವನ ದನಿ ನಡುಗಿತು.

ಅತ್ತಿಗೆಯ ಕಣ್ಣು ತುಂಬಿತು. "ಹಾಗಾದ್ರೆ ನನ್ನ ಅಡುಗೆ ಚೆನ್ನಾಗೇ ಇತ್ತೇನ್ರೀ?"

ಅದಕ್ಕೆ ಉತ್ತರ ಕೊಡಲು ಅವನು ಬಾಯಿ ತೆರೆದ. ಡಾಕ್ಟರಮ್ಮ ಬಗ್ಗಿ ನೋಡೇಬಿಟ್ಟರು. "ವಸಡಿನ ಕಾಯಿಲೆ. ಕ್ಲೀನ್ ಮಾಡಿಸಿ, ಸರಿಯಾಗಿ ಉಜ್ಜಿದ್ರೆ ಹಲ್ಲು ಉಳಿಯುತ್ತೆ. ಹೀಗೇ ಕಚ್ತಾ ಇದ್ರೆ ನಾನು ಕೀಳೋದೇ ಬೇಡ, ತಾವೇ ಬೀಳ್ತವೆ."

ಎಡಗೈಗೆ ಹಲ್ಲುಜ್ಜುವುದು ಇಷ್ಟು ವರ್ಷವಾದರೂ ಒಲಿದಿರಲಿಲ್ಲವಂತೆ. ಬ್ರಷ್ಷಿಗೆ ದಪ್ಪ ಹಿಡಿ ಹಾಕಿಸಿ, ಡಾಕ್ಟರಮ್ಮ ಮೊದಲಿಂದ ಕಲಿಸಿದರು. ಹಲ್ಲು ಉಳಿದವು. ಈಗ ಬಟ್ಟೆಯ ತುದಿ ಹಿಡಿಯುವುದು ಅತ್ತಿಗೆ. "ಇನ್ನೂ ಬಿಗಿ ಹಿಡಿ!" "ಹಿಡಿದಿದೀನಲ್ರೀ!" ದಿನವಿಡೀ ಇದೇ ಜಗಳ. ಡಾಕ್ಟರಮ್ಮನ ಕೋಟು ಮಾತ್ರ, ಕಲೆಯಾದ ತುದಿ ಕತ್ತರಿಸಿ ಬಿಸಾಡಿದ ಮೇಲೆ, ಒಂದು ಕಲೆಯಿಲ್ಲದೆ ತಯಾರಾಯಿತು.

ಮೊನ್ನೆ ಟೈಲರಣ್ಣ ಹೊಸ ಬಿಳಿ ಅಂಗಿ ತೊಟ್ಟು, ಹುರಿಗಡಲೆ ಅಗಿಯುತ್ತಾ ಅಂಗಡಿ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹಲ್ಲೆಲ್ಲ ಕಾಣುವಂತೆ ನಕ್ಕ.

"ಏನ್ರೀ, ಮೆರೂನು? ಈಗ ಯಾರ್ರೀ ಹಾಕ್ತಾರೆ ಇದನ್ನ?"