ಮಾರುತಿರಾಯ ಬಾಯಿ ಮುಚ್ಚಿಸಿದ ಶನಿವಾರ

ದೇವರು ಮನುಷ್ಯನಿಗೆ ಕೊಟ್ಟ ವರಗಳಲ್ಲಿ ಮಾತೇ ದೊಡ್ಡದು, ಅದರಿಂದಲೇ ಅವನು ಪಶುಪಕ್ಷಿಗಳಿಗಿಂತ ಮೇಲಾದ ಎಂದು ಬಲ್ಲವರು ಹೇಳುತ್ತಾರೆ. ಹೀಗೆ ಹೇಳುವ ಹೊತ್ತಿಗೆ ಸಾಮಾನ್ಯವಾಗಿ ಅವರೇ ಮಾತಾಡುತ್ತಿರುತ್ತಾರೆ. ಕೇಳುತ್ತ ಕುಳಿತವರ ಅಭಿಪ್ರಾಯವನ್ನು ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ.

ಪುಣೆಯ ಹಡಪಸರದ ನಮ್ಮ ಶನಿವಾರದ ಭಜನಾ ಮಂಡಳಿಯ ಬಂಧುಗಳಿಗೆ ನನ್ನ ಕಷ್ಟ ಗೊತ್ತಿಲ್ಲದ್ದೇನಲ್ಲ. ನಾನೇ ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಿದ್ದೇನೆ. ಹೊಸದಾಗಿ ಬಂದವರಿಗಾಗಿ ಇನ್ನೊಮ್ಮೆ ಹೇಳಲು ಅಪ್ಪಣೆಯಾಗಬೇಕು. ನಾನು ಮಗರಪಟ್ಟಾದ ಹತ್ತಿರದ ಒಂದು ಶಾಲೆಯಲ್ಲಿ ಗಣಿತದ ಮಾಸ್ತರನಾಗಿದ್ದೆ. ಹೆಂಡತಿ ಸುಧಾ ನರ್ಸು. ಎರಡು ವರ್ಷದ ಹಿಂದೆ ಅವಳಿಗೆ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಮರುವರ್ಷ ಮಗಳು ಪ್ರಣತಿಯೂ ತಾಯಿಯ ಬಳಿಗೆ ಹೋಗಿ ಅಲ್ಲಿಯ ಶಾಲೆಗೆ ಸೇರಿದಳು. ಪುಣೆಯ ಮನೆಯಲ್ಲಿ ಉಳಿದವರೆಂದರೆ ನಾನು, ಫ್ರಿಜ್ಜು, ಮತ್ತು ದೇವರ ಗೂಡಿನಲ್ಲಿ ಮಾರುತಿರಾಯ. ಫ್ರಿಜ್ಜು ಆಗಾಗ ಗುರುಗುಟ್ಟುತ್ತಿತ್ತು. ಉಳಿದ ಮಾತೆಲ್ಲ ನನ್ನದೇ.

ದಿನಾ ಊಟದ ಹೊತ್ತಿಗೆ ಪ್ರಣತಿ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಲ್ಲಿ ಊಟದ ಮೇಜಿನ ಮೇಲೆ ಫೋನನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿಡುತ್ತಿದ್ದಳು. ಹೀಗೆ ಒಂದು ವರ್ಷ ನಾನು ನನ್ನ ಸಂಸಾರದೊಂದಿಗೆ ಉಪ್ಪಿನಕಾಯಿಗೆ ಬೆನ್ನು ಕೊಟ್ಟು ಊಟ ಮಾಡಿದ್ದೇನೆ. ಮೊದಮೊದಲು ಮಗಳು ನನ್ನ ಮಾತು ಕೇಳುತ್ತಿದ್ದಳು. ಚಳಿಗಾಲದ ಒಂದು ಸಂಜೆ, "ಅಪ್ಪಾ, ನೀ ಮಾತಾಡ್ಕೋತ ಇರು, ನಾ ಹೋಮ್‌ವರ್ಕ್ ಮಾಡ್ತೀನಿ," ಎಂದು ಎದ್ದು ಹೋದಳು. ಬಾಟಲಿ ಸ್ವಲ್ಪ ಜಾರಿತೆಂದು ತೋರುತ್ತದೆ, ನನಗೆ ಅವರ ಮನೆಯ ಫ್ಯಾನು ಕಾಣತೊಡಗಿತು. ಆ ಫ್ಯಾನಿಗೆ ನಾನು ಬಹಳ ಹೊತ್ತು ಪುಣೆಯ ಸಮಾಚಾರ ಹೇಳಿದೆ.

ಆ ರಾತ್ರಿ ನನಗೆ ಭಯವಾಯಿತು. ಸುಧಾಳ ಕರಾರು ಬೇಸಿಗೆಗೆ ಮುಗಿಯುತ್ತಿತ್ತು. ಮುಂದುವರಿಸಿದರೆ ಇನ್ನೂ ಮೂರು ವರ್ಷ. ಅಷ್ಟರಲ್ಲಿ ಮಗಳು ಒಂಬತ್ತನೆಯ ತರಗತಿಗೆ ಬಂದಿರುತ್ತಾಳೆ, ನಾನು ಬಾಟಲಿಗೆ ಒರಗಿಕೊಂಡೇ ಇರುತ್ತೇನೆ. ಕೆಲಸ ಬಿಟ್ಟು ಬಾ ಎಂದು ಹೇಳುವ ಅಧಿಕಾರ ನನಗೆ ಇರಲಿಲ್ಲ. ಆ ಕೆಲಸಕ್ಕಾಗಿ ಅವಳು ಎಷ್ಟು ಓದಿದ್ದಳೆಂದು ಕಣ್ಣಾರೆ ಕಂಡವನು ನಾನು. ಉಳಿದದ್ದು ಒಂದೇ ದಾರಿ. ಮಸ್ಕತ್ತಿನ ಒಂದು ಅಂತರರಾಷ್ಟ್ರೀಯ ಶಾಲೆಗೆ ಗಣಿತದ ಶಿಕ್ಷಕರು ಬೇಕಾಗಿದ್ದರು. ಅರ್ಜಿ ಹಾಕಿದೆ.

ಮೊದಲ ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆಯೇ ನಡೆಯಿತು. ಅಲ್ಲಿಯ ಪ್ರಿನ್ಸಿಪಾಲರು, ಬೆಳ್ಳಿ ಕೂದಲಿನ ಒಬ್ಬ ಹೆಂಗಸು, ಒಂದು ಪ್ರಶ್ನೆ ಕೇಳಿದರು: ಮಗುವಿಗೆ ಅರ್ಥವಾಯಿತೆಂದು ನಿಮಗೆ ಹೇಗೆ ತಿಳಿಯುತ್ತದೆ? ನಾನು ಉತ್ತರಿಸಿದೆ. ಉತ್ತರದ ನಡುವೆ ಅವರು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಮುಚ್ಚಿದರು. ವಾರದ ನಂತರ ಸಂದೇಶ ಬಂತು. ನಿಮ್ಮ ಜ್ಞಾನ ಮೆಚ್ಚುಗೆಯಾಯಿತು. ಎರಡನೆಯ ಸಂದರ್ಶನಕ್ಕೆ ನಮ್ಮ ಆರನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿಯ ಭಾಗಾಕಾರದ ಪಾಠ ಮಾಡಿ ತೋರಿಸಿ. ಈ ಸಲ ಮಕ್ಕಳ ಧ್ವನಿಯನ್ನೂ ಕೇಳುವ ಆಸೆಯಿದೆ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು.

ಶನಿವಾರ ಮಂಡಳಿಯಲ್ಲಿ ವಿಷಯ ಇಟ್ಟೆ. ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಕೈ ಹಾಕುವಾಗ ಪ್ರೀತಿಯದೊಂದನ್ನು ದೇವರಿಗೆ ಬಿಟ್ಟುಕೊಡುವ ಪದ್ಧತಿ ಇದೆಯಲ್ಲ, ಅದರಂತೆ ಕೆಲಸ ಆಗುವವರೆಗೆ ಬದನೆಕಾಯಿ ಬಿಡುತ್ತೇನೆ ಎಂದು ಘೋಷಿಸಿದೆ. ಭಜನೆ ಹೇಳಿಕೊಡುವ ಯಾದಗಿರಿಯ ಶಾಂತವ್ವ, ದಿನವೆಲ್ಲ ಕಟ್ಟಡದ ಕೆಲಸ ಮಾಡಿ ಸಂಜೆ ನಮಗೆಲ್ಲ ತಾಳ ತಪ್ಪಿಸದೆ ಹಾಡಿಸುವಾಕೆ, ತಾಳ ಕೆಳಗಿಟ್ಟಳು.

"ಬದನೀಕಾಯಿ ಬಿಟ್ಟವರು ನಮ್ಮ ಮಂಡಳ್ಯಾಗ ಭಾಳ ಮಂದಿ ಅದಾರ್ರಿ ಸರ. ಮಾರುತಿಗೂ ಸಾಕಾಗ್ಯಾದ. ನೀವು ಮಾತ ಬಿಡ್ರಿ."

ಎಲ್ಲರೂ ನಕ್ಕರು. ಅಷ್ಟು ಮನಸಾರೆ ನಗುವ ಅವಶ್ಯಕತೆ ಇರಲಿಲ್ಲ ಎಂದು ಈಗಲೂ ನನ್ನ ಅಭಿಪ್ರಾಯ. ಆದರೆ ದೇವರ ಮುಂದೆ ಬಂದ ಮಾತು. ಎರಡನೆಯ ಸಂದರ್ಶನ ಮುಗಿಯುವವರೆಗೆ ಪ್ರತಿ ಶನಿವಾರ, ಬೆಳಗಿನಿಂದ ಸಂಜೆಯ ಆರತಿಯವರೆಗೆ ಮೌನ ಎಂದು ಹರಕೆ ಹೊತ್ತೆ. ಶನಿವಾರ ನಮ್ಮ ಶಾಲೆಗೆ ರಜೆ, ಆದ್ದರಿಂದ ಲೋಕಕ್ಕೇನೂ ನಷ್ಟವಿರಲಿಲ್ಲ.

ಮೊದಲ ಶನಿವಾರ ಅವಳಿಗೂ ರಜೆ, ಮಧ್ಯಾಹ್ನದ ಊಟದ ಹೊತ್ತಿಗೇ ಪ್ರಣತಿಯ ಕಾಲ್ ಬಂತು. ಬಾಯಿಯ ಮೇಲೆ ಬೆರಳಿಟ್ಟು ಮಾರುತಿಯ ಪಟ ತೋರಿಸಿದೆ. ಅವಳಿಗೆ ವಿಷಯ ತಿಳಿಯಿತು. ಆಮೇಲೆ ಅವಳು ಮಾತಾಡತೊಡಗಿದಳು. ಶಾಲೆಯ ಬಸ್ಸಿನಲ್ಲಿ ತನ್ನ ಪಕ್ಕ ಕೂಡುವ ಹುಡುಗಿ ಬೇರೆ ಊರಿಗೆ ಹೋದದ್ದು, ಈಗ ಆ ಜಾಗ ಖಾಲಿ ಇರುವುದು, ಅಮ್ಮನಿಗೆ ರಾತ್ರಿ ಪಾಳಿ ಇದ್ದಾಗ ಪಕ್ಕದ ಮನೆಯಲ್ಲಿ ಮಲಗುವುದು ತನಗೆ ಸೇರದಿರುವುದು. ಒಂದೂ ನನಗೆ ಗೊತ್ತಿರಲಿಲ್ಲ. ಕೊನೆಗೆ ತಟ್ಟೆ ನೋಡುತ್ತ ಹೇಳಿದಳು:

"ಅಪ್ಪಾ, ಅರ್ಧದಿಂದ ಭಾಗ ಮಾಡಿದ್ರ ಉತ್ತರ ದೊಡ್ಡದು ಯಾಕ ಬರ್ತದ? ಭಾಗ ಮಾಡಿದ್ರ ಕಡಿಮಿ ಆಗ್ಬೇಕಲ್ಲ. ನನಗ ತಿಳಿಯಂಗಿಲ್ಲ. ನಿನ್ನ ಮಗಳು ಅಂತ ಹೇಳ್ಕೊಳ್ಳಾಕ ನಾಚಿಕಿ ಬರ್ತದ."

ಇಪ್ಪತ್ತು ವರ್ಷದಿಂದ ನಾನು ಈ ಪ್ರಶ್ನೆಗೆ ಉತ್ತರ ಹೇಳುತ್ತ ಬಂದಿದ್ದೇನೆ. ಅಂದು ಹೇಳುವಂತಿರಲಿಲ್ಲ. ಕೈಗೆ ಸಿಕ್ಕಿದ್ದು ನಾನೇ ಮಾಡಿದ ಮೂರು ಚಪಾತಿ. ಒಂದನ್ನು ಅರ್ಧಕ್ಕೆ ಹರಿದು ಕ್ಯಾಮೆರಾದ ಮುಂದೆ ಹಿಡಿದೆ, ಉಳಿದ ಎರಡನ್ನು ತೋರಿಸಿ ಹುಬ್ಬು ಹಾರಿಸಿದೆ, ಕಾದೆ. ಕಾಯುವುದು ಎಷ್ಟು ಕಷ್ಟದ ಕೆಲಸವೆಂದು ಮಾತಾಡುವವರಿಗೆ ತಿಳಿದಿರುವುದಿಲ್ಲ. ಅವಳು ಬೆರಳು ಮಡಚಿ ಎಣಿಸಿದಳು. "ಮೂರು ಚಪಾತ್ಯಾಗ ಅರ್ಧ ಆರು ಅದಾವ," ಎಂದಳು. ಸ್ವಲ್ಪ ತಡೆದು, "ಓ," ಎಂದಳು. ಆ "ಓ" ಕೇಳಿ ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಲಿಲ್ಲ, ಫೋನು ಮತ್ತೆ ಜಾರಿತ್ತು.

ಇಷ್ಟಾದ ಮೇಲೂ ನನಗೆ ಬುದ್ಧಿ ಬಂತೆಂದು ತಿಳಿಯಬೇಡಿ. ಸಂದರ್ಶನದ ತಯಾರಿ ಬೇರೆ, ಮಗಳ ಚಪಾತಿ ಬೇರೆ ಎಂದೇ ಭಾವಿಸಿದ್ದೆ. ಹಿಂಜವಾಡಿಯ ಸಾಫ್ಟ್‌ವೇರ್ ಕೆಲಸಕ್ಕೆ ಕಂಪನಿ ಕ್ಯಾಬಿನಲ್ಲಿ ಹೋಗಿಬರುವ ನಮ್ಮ ಮಂಡಳಿಯ ಬೆಂಗಳೂರಿನ ಹುಡುಗ ನವೀನ ಪಾಠಕ್ಕೆ ಸ್ಲೈಡುಗಳನ್ನು ಮಾಡಿಕೊಟ್ಟ. ನಾನು ಸೇರಿಸುತ್ತಲೇ ಹೋದೆ. "ಸಾಕು ಸಾರ್, ಅವ್ರು ಮಕ್ಳು," ಎಂದ. ದಿನವೂ ಶಾಲೆ ಮುಗಿಸಿ ಬಂದು ಗೋಡೆಯ ಕಡೆ ತಿರುಗಿ ಏರುದನಿಯಲ್ಲಿ ಪಾಠ ಒಪ್ಪಿಸುತ್ತಿದ್ದೆ. ಗೋಡೆ ಎಲ್ಲವನ್ನೂ ತಿಳಿದುಕೊಂಡಿತು.

ಅಷ್ಟರಲ್ಲಿ ಶಾಲೆಯವರು ದಿನ ಗೊತ್ತುಮಾಡಿದರು. ಮಳೆಯೇ ಅಪರೂಪವಾದ ಆ ಊರಿನಲ್ಲಿ ಧಾರಾಕಾರ ಮಳೆ ಬಂದು ಶಾಲೆ ಒಂದು ದಿನ ಮುಚ್ಚಿತ್ತಂತೆ. ಅದನ್ನು ತುಂಬಿಸಿಕೊಳ್ಳಲು ರಜೆಯ ದಿನವಾದ ಶನಿವಾರ ತರಗತಿ ನಡೆಸುತ್ತಾರಂತೆ. ನನ್ನ ಪಾಠ ಅಂದೇ, ಮಧ್ಯಾಹ್ನ.

ಹರಕೆಯೋ ಸಂದರ್ಶನವೋ? ಸುಧಾಳಿಗೆ ಯಾವ ಸಂಶಯವೂ ಇರಲಿಲ್ಲ. "ಒಂದ್ ತಾಸು ಮಾತಾಡ್ರಿ. ಆಮ್ಯಾಲೆ ಬೇಕಾದ್ರ ವರ್ಷಗಟ್ಟಲೆ ಸುಮ್ಮನಿರ್ರಿ, ನಮ್ಮದೇನ ತಕರಾರಿಲ್ಲ," ಎಂದಳು. ಶಾಂತವ್ವನೂ ಮಾರುತಿಗೆ ಹೇಳಿಯೇ ಮಾತಾಡಿರಿ, ಮಗಳ ಸಲುವಾಗಿ ಎಂದರೆ ಅವನು ಬೇಡ ಎನ್ನುವುದಿಲ್ಲ ಎಂದಳು. ಶುಕ್ರವಾರ ಸಂಜೆ ಮಂಡಳಿ ಸೇರುವ ಮಾರುತಿಯ ಗುಡಿಗೆ ಹೋಗಿ ಅಪ್ಪಣೆ ಕೇಳಿದೆ. ಮೂರ್ತಿಯ ಮೇಲಿನ ಹೂ ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ ಎಂಬುದು ನಮ್ಮೂರ ಕಡೆಯ ಲೆಕ್ಕ. ಕೈಮುಗಿದು ನಿಂತೇ ಇದ್ದೆ. ಹೂ ಯಾವ ಕಡೆಗೂ ಬೀಳಲಿಲ್ಲ. ಪೂಜಾರಿ ಬಾಗಿಲು ಹಾಕಲು ಬಂದ. ದೇವರಿಂದ ಆಕ್ಷೇಪಣೆ ಇಲ್ಲವೆಂದು ತೀರ್ಮಾನಿಸಿ ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಕ್ಕಳಿಗೆ ನಮಸ್ಕಾರ ಹೇಳಲು ಬಾಯಿ ತೆರೆದೆ. ಚಳಿಗೆ ಸ್ಟಾರ್ಟ್ ಆಗದ ರಿಕ್ಷಾದಂಥ ಒಂದು ಸದ್ದು ಬಂತು. ಇನ್ನೊಮ್ಮೆ ಯತ್ನಿಸಿದೆ. ಅದೂ ನಿಂತಿತು.

ಬಸ್ಸು ಹಿಡಿದು ಗಂಟಲಿನ ಡಾಕ್ಟರ ಬಳಿಗೆ ಓಡಿದೆ. ಅವರು ಕೊಳವೆ ಹಾಕಿ ನೋಡಿ, ನಾನು ಬರೆದುಕೊಟ್ಟದ್ದನ್ನು ಓದಿ, ಸ್ವರತಂತುಗಳು ಬಾತಿವೆ, ಗೋಡೆಯ ಮುಂದೆ ಕೂಗಿದ್ದು ಹೆಚ್ಚಾಗಿದೆ ಎಂದರು. "ಮಾಸ್ತರ, ಆಜ್ ಅಜಿಬಾತ್ ಬೋಲಾಯ್ಚಂ ನಾಹೀ," ಇಂದು ಒಂದಕ್ಷರವೂ ಮಾತಾಡಕೂಡದು, ಪಿಸುಗುಟ್ಟಲೂ ಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಇದೇ ಮಾತನ್ನು ನಾನು ಮಾರುತಿಯ ಮುಂದೆ ಬಿಟ್ಟಿಯಾಗಿ ಹೇಳಿದ್ದೆ. ಡಾಕ್ಟರು ಫೀಸು ತೆಗೆದುಕೊಂಡು ಹೇಳಿದರು.

ಹಿಂದಿರುಗುವಾಗ ಬಸ್ಸು ಮೇಲ್ಸೇತುವೆಯ ಕೆಳಗಿನ ವಾಹನಗಳ ಗದ್ದಲದಲ್ಲಿ ಸಿಕ್ಕಿ ನಿಂತಿತು. ಅಲ್ಲಿಂದಲೇ ಶಾಲೆಗೆ ಸಂದೇಶ ಕಳಿಸಿ, ಇನ್ನೊಂದು ದಿನ ಕೊಡಬಹುದೇ ಎಂದು ಕೇಳಿದೆ. ಕೂಡಲೇ ಉತ್ತರ ಬಂತು: ಕ್ಷಮಿಸಿ, ಉಳಿದ ಅಭ್ಯರ್ಥಿಗಳ ಪಾಠಗಳೆಲ್ಲ ಮುಗಿದಿವೆ, ಇಂದೇ ನಿರ್ಧಾರವಾಗಬೇಕು. ಫೋನನ್ನು ಜೇಬಿಗಿಟ್ಟುಕೊಂಡೆ. ತಮಾಷೆ ಮಾಡಿ ಬರೆಯುವ ಅಭ್ಯಾಸ ನನ್ನದು. ಆ ಬಸ್ಸಿನಲ್ಲಿ ಕುಳಿತ ಹೊತ್ತಿನ ಬಗ್ಗೆ ಮಾತ್ರ ತಮಾಷೆ ಹೊಳೆಯುವುದಿಲ್ಲ. ನಿನ್ನ ಹತ್ತಿರ ನಾನು ಕೇಳಿದ್ದು ಸಿರಿಯಲ್ಲ, ಮಗಳ ಎದುರಿಗೆ ಕೂತು ಉಣ್ಣುವುದು, ಅದಕ್ಕೂ ಅಡ್ಡ ಬಂದೆಯಾ ಎಂದು ಮಾರುತಿಯನ್ನು ಮನಸ್ಸಿನಲ್ಲಿಯೇ ಬೈದೆ. ಬೈಯಲಿಕ್ಕೂ ಧ್ವನಿ ಇರಲಿಲ್ಲ.

ಮನೆ ಮುಟ್ಟಿ ಸುಧಾಳಿಗೆ ಬರೆದು ತಿಳಿಸಿದೆ. ಆದರೆ ಕಾಲ್ ಬಂದದ್ದು ಪ್ರಣತಿಯಿಂದ. ನನ್ನ ಮುಖ ನೋಡಿದಳು, ಅಳಲಿಲ್ಲ. ಸಿಟ್ಟಿನಿಂದ ಕೇಳಿದಳು:

"ನನಗ ಕಲಿಸಿದಾಗ ಮಾತಾಡಿದ್ದ್ಯಾ?"

ಇಲ್ಲವೆಂದು ತಲೆ ಆಡಿಸಿದೆ.

"ನನಗ ತಿಳೀತೋ ಇಲ್ಲೋ? ಮತ್ತ? ಹೋಗಿ ಚಪಾತಿ ಮಾಡು."

ಹಿಟ್ಟು ನಾದಿದೆ. ದೇವರು ನನಗೆ ದುಂಡನೆಯ ಚಪಾತಿ ಮಾಡುವ ಕಲೆಯನ್ನು ಕೊಟ್ಟಿಲ್ಲ. ನನ್ನ ಚಪಾತಿಗಳು ಒಂದೊಂದೂ ಒಂದೊಂದು ದೇಶದ ನಕಾಶೆ. ಸಂದರ್ಶನದ ಹೊತ್ತಿಗೆ ಹಾಳೆಯೊಂದರ ಮೇಲೆ ದೊಡ್ಡದಾಗಿ, ಇಂದು ನನಗೆ ಧ್ವನಿ ಇಲ್ಲ, ಮಾತೆಲ್ಲ ನಿಮ್ಮದು ಎಂದು ಬರೆದು ಹಿಡಿದೆ. ಪರದೆಯ ಆ ಬದಿಗೆ ತರಗತಿಯಲ್ಲಿ ಪ್ರಿನ್ಸಿಪಾಲರು ಕನ್ನಡಕ ಸರಿಪಡಿಸಿಕೊಂಡರು. ಮಕ್ಕಳು ಮುಂದಕ್ಕೆ ಬಾಗಿದರು.

ಮೊದಲು ಮೂರು ಚಪಾತಿ, ಅರ್ಧದ ಪಾಲು. ಅದು ಸಲೀಸಾಗಿ ಆಯಿತು. ಆಮೇಲೆ ಎರಡು ಚಪಾತಿ ಇಟ್ಟು, ಒಬ್ಬರ ಪಾಲು ಮುಕ್ಕಾಲು ಎಂದು ಬರೆದೆ. ಹರಿದ ತುಂಡು ಮುಕ್ಕಾಲೇ ಅಲ್ಲ, ನನ್ನ ಚಪಾತಿಗೆ ಒಂದು ಕಡೆ ಬಾಲವಿದೆ ಎಂದು ಒಬ್ಬ ಹುಡುಗ ತಗಾದೆ ತೆಗೆದ. ಸರಿಯಾಗಿ ಹರಿಯುವುದು ಹೇಗೆಂದು ಒಬ್ಬ ಹುಡುಗಿ ಅವನಿಗೆ ವಿವರಿಸಿದಳು. ಇಬ್ಬರ ಪಾಲು ಕೊಟ್ಟ ಮೇಲೆ ಎರಡು ತುಂಡು ಉಳಿದವು. ಅವನ್ನು ಜೋಡಿಸಿ ಎತ್ತಿ ಹಿಡಿದೆ. ಅರ್ಧ ಎಂದಳು ಹುಡುಗಿ. ಅಲ್ಲ, ಒಂದು ಪಾಲಿನ ಮೂರರಲ್ಲಿ ಎರಡು ಎಂದ ಹುಡುಗ. ತರಗತಿ ಎರಡು ಹೋಳಾಯಿತು. ಎದ್ದು ಬಂದು ಬೋರ್ಡಿನ ಮೇಲೆ ಚಿತ್ರ ಬರೆದರು, ಅಳಿಸಿದರು, ಮತ್ತೆ ಬರೆದರು. ಚಪಾತಿಯ ಲೆಕ್ಕದಲ್ಲಿ ಅದು ಅರ್ಧವೇ, ಪಾಲಿನ ಲೆಕ್ಕದಲ್ಲಿ ಮೂರರಲ್ಲಿ ಎರಡು, ಎರಡೂ ಸರಿ ಎಂಬುದು ನನ್ನ ನಾಲಗೆಯ ತುದಿಗೇ ಬಂದಿತ್ತು. ಧ್ವನಿಯಿದ್ದಿದ್ದರೆ ಖಂಡಿತ ಹೇಳಿ ಹಾಳುಮಾಡುತ್ತಿದ್ದೆ. ಕಡೆಗೆ ಹಿಂದಿನ ಸಾಲಿನಿಂದ, ಅಲ್ಲಿಯವರೆಗೆ ತುಟಿ ಬಿಚ್ಚದ ಒಂದು ಮಗು ಅದನ್ನೇ ಹೇಳಿತು.

ಪಾಠ ಮುಗಿದ ಮೇಲೆ ಪ್ರಿನ್ಸಿಪಾಲರು ಮೊದಲ ಸಲ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದರು: ಮಗುವಿಗೆ ಅರ್ಥವಾಯಿತೆಂದು ಹೇಗೆ ತಿಳಿಯುತ್ತದೆ? ಅವರ ಹಿಂದೆ ಬೋರ್ಡಿನ ಹತ್ತಿರ ಆ ಹುಡುಗ, ಹುಡುಗಿ ಇನ್ನೂ ವಾದಿಸುತ್ತಿದ್ದರು. ನಾನು ಆ ಕಡೆ ಬೆರಳು ತೋರಿಸಿದೆ. ಅವರು ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು.

ಸಂಜೆ ಆರತಿಗೆ ಹೋದಾಗ ಶಾಂತವ್ವ, "ಏನಾತ್ರಿ ಸರ, ಮಾತಾಡಿದ್ರ್ಯೋ?" ಎಂದು ಕೇಳಿದಳು. ಗಂಟಲು ತೋರಿಸಿದೆ. ಅವಳು ನನ್ನನ್ನೊಮ್ಮೆ, ಮಾರುತಿಯನ್ನೊಮ್ಮೆ ನೋಡಿ, "ಅವಾ ಭಾಳ ಹಟಮಾರಿ ಅದಾನ್ರಿ," ಎಂದು ತಾಳ ಎತ್ತಿಕೊಂಡಳು. ಅಂದು ನಾನು ಕೈ ಮಾತ್ರ ತಟ್ಟಿದೆ.

ಗಂಟಲು ಬಾತದ್ದಕ್ಕೆ ಡಾಕ್ಟರು ಹೇಳಿದ ಕಾರಣ ನಿಜವೇ ಇರಬೇಕು, ನಾನು ಗಣಿತದವನು, ಕಾರಣಗಳನ್ನು ಅಲ್ಲಗಳೆಯುವುದಿಲ್ಲ. ಶುಕ್ರವಾರ ಬೀಳದ ಹೂ, ಶನಿವಾರ ಬಿದ್ದುಹೋದ ಧ್ವನಿ, ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನನಗೆ ಕಾಣುವುದು ಒಂದೇ ಉತ್ತರ. ನಾನು ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಲು ಹೊರಟಿದ್ದೆ, ಅವನು ಬಿಡಲಿಲ್ಲ. ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆ ಮಾರುತಿರಾಯನಿಗೆ, ನಕ್ಕು ಆಶೀರ್ವದಿಸಿದ ಮಂಡಳಿಗೆ ನನ್ನ ಸಾಷ್ಟಾಂಗ ನಮಸ್ಕಾರ. ಹರಕೆಯ ಅವಧಿ ಮುಗಿದಿದ್ದರೂ ಶನಿವಾರದ ಮೌನವನ್ನು ನಾನು ಬಿಟ್ಟಿಲ್ಲ. ಮನೆಯವರೂ ಬಿಡಲು ಒತ್ತಾಯಿಸಿಲ್ಲ.

ಕೆಲಸ ಸಿಕ್ಕಿತು. ಸುಧಾ ಕರಾರು ಮುಂದುವರಿಸಿದಳು, ಆಗಸ್ಟಿನಿಂದ ನಾನೂ ಮಸ್ಕತ್ತಿನಲ್ಲಿದ್ದೇನೆ. ಊಟಕ್ಕೆ ಮೂವರೂ ಒಂದೇ ಮೇಜಿಗೆ ಕೂಡುತ್ತೇವೆ. ಉಪ್ಪಿನಕಾಯಿ ಬಾಟಲಿ ನಡುವೆ ಇರುತ್ತದೆ.