ನಿಂಬೆಯ ಟೊಪಗಿ ತೊಟ್ಟ ಬೆರಳು

ನನ್ನ ಹೆಂಡತಿಯ ಬಲಗೈ ತೋರುಬೆರಳಿನ ತುದಿ ನಮ್ಮ ಮನೆಯಲ್ಲಿ ಬಹುಕಾಲ ವಿಚಾರಣೆಗೆ ಒಳಗಾಗಿತ್ತು. ಬಾವಿಲ್ಲ, ಗಾಯವಿಲ್ಲ, ಕೀವಿಲ್ಲ. ಆದರೆ ರೊಟ್ಟಿ ಬಡಿಯಲು ಕೂತರೆ ಸಾಕು, "ಯವ್ವಾ!" ಎಂದು ಕೈ ಎಳೆದುಕೊಳ್ಳುತ್ತಿದ್ದಳು. ಅಣ್ಣಿಗೇರಿಯಲ್ಲೇ ಎಕ್ಸ್‌ರೇ ತೆಗೆಸಿದೆವು. ಎಲುಬು ನಿರ್ದೋಷಿಯೆಂದು ಬಿಡುಗಡೆಯಾಯಿತು.

ಆಗ ನಮ್ಮ ಅವ್ವ ತೀರ್ಪು ಕೊಟ್ಟಳು: "ಫೋಟೋದಾಗ ಏನೂ ಇಲ್ಲ. ರೊಟ್ಟಿ ಬಡ್ಯಾಕ ಬ್ಯಾಸರ ಬಂದೈತಿ, ಅಷ್ಟ. ಇಲ್ಲಾ ಉಗುರುಸುತ್ತು ಇರಬೇಕು. ನಿಂಬಿಹಣ್ಣು ಹಾಕ್ರಿ."

ಉಗುರುಸುತ್ತಿಗೆ ನಿಂಬೆಹಣ್ಣಿನ ತುದಿ ಕೊರೆದು ಬೆರಳಿಗೆ ಟೊಪಗಿಯಂತೆ ತೊಡಿಸುವುದು ನಮ್ಮ ಕಡೆಯ ರೂಢಿ. ತಂಪಾಗಿದ್ದರೆ ಉರಿ ಬೇಗ ಇಳಿದೀತೆಂದು ಅವ್ವ ಹಣ್ಣನ್ನು ಫ್ರಿಜ್ಜಿನಲ್ಲಿಟ್ಟಿದ್ದಳು. ಪಟ್ಟಾಭಿಷೇಕ ನನ್ನ ಅಮೃತಹಸ್ತದಿಂದಲೇ ನೆರವೇರಿತು. ಮರುಕ್ಷಣ ಹೆಂಡತಿ ಕೂಗಿದ ಕೂಗಿಗೆ ಬಾಜೂ ಮನೆಯವರು ಊಟ ಬಿಟ್ಟು ಓಡಿಬಂದರು. ಕಿರೀಟ ಗೋಡೆಗೆ ಬಡಿದು ಒಲೆಯ ಹಿಂದೆ ಅಸ್ತಮಿಸಿತು.

"ನಾಟಕ ಅಗದಿ ಜೋರೈತಿ," ಎಂದಳು ಅವ್ವ.

ಸ್ಕ್ಯಾನ್ ಮಾಡಿಸಲು ಹುಬ್ಬಳ್ಳಿಗೆ ಹೊರಟೆವು. ರೈಲಿನಲ್ಲಿ ಹೆಂಡತಿ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೇಳಿದಳು: "ಇದ್ರಾಗೂ ಏನೂ ಕಾಣಲಿಲ್ಲಂದ್ರ ನಾ ಸುಳ್ಳಬುರುಕಿ ಅಂತ ಖಾಯಂ ಆತು ನೋಡ್ರಿ. ಆಮ್ಯಾಲೆ ನೀವೂ ನಂಬೂದಿಲ್ಲ."

ನಾನು ಕಿಟಕಿಯಾಚೆಯ ಕಡಲೆ ಹೊಲಗಳನ್ನು ಅತಿ ಗಂಭೀರವಾಗಿ ಪರಿಶೀಲಿಸಿದೆ.

ಸ್ಕ್ಯಾನಿಂಗ್ ಕೋಣೆಯ ಡಾಕ್ಟರ್ ಮೇಡಂ ಬೆರಳಿಗೆ ತಣ್ಣನೆಯ ಜೆಲ್ ಹಚ್ಚಿದ್ದೇ ತಡ, ಮತ್ತದೇ ಕೂಗು. ಅವರು ಬೈಯಲಿಲ್ಲ, ಕಣ್ಣರಳಿಸಿದರು.

"ತಂಪು ತಾಗಿದ್ರ ಹಿಂಗ ಆಗ್ತದೇನ್ರಿ?"

ಹೆಂಡತಿ ನಿಂಬೆಹಣ್ಣಿನ ಪುರಾಣವನ್ನು ಸವಿಸ್ತಾರವಾಗಿ ಹೇಳಿದಳು.

"ಭಾಳ ಚಲೋ ಆತು," ಎಂದು ಅವರು ನಕ್ಕರು. "ತಂಪು ತಾಗಿಸಿ ನಾವು ಮಾಡೂ ಪರೀಕ್ಷಾ ನಿಮ್ಮತ್ತಿಯವರು ಮನ್ಯಾಗ ಮಾಡಿಬಿಟ್ಟಾರ."

ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು, ಬೆಚ್ಚಗಾದ ಮೇಲೆ ಧಾರಾಳವಾಗಿ ಸುರಿದು, ಯಂತ್ರದ ಮೂತಿಯನ್ನು ಒತ್ತದೆ ಉಗುರಿನ ಮೇಲೆ ತೇಲಿಸಿದರು. ಪರದೆಯಲ್ಲಿ, ಉಗುರಿನಡಿ, ಜೋಳದ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಇಷ್ಟೇನಾ ಎಂದುಕೊಳ್ಳುವಷ್ಟರಲ್ಲಿ, ರಕ್ತದ ಓಟವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಗುಂಡಿ ಒತ್ತಿದರು. ಚುಕ್ಕೆಯೊಳಗೆ ಕೆಂಪು ಧಗ್ಗನೆ ಹೊತ್ತಿಕೊಂಡಿತು!

"ಅಲ್ಲೈತ್ರಿ! ಅಲ್ಲೈತಿ ನೋಡ್ರಿ!" ನಾನು ಕುರ್ಚಿಯಿಂದೆದ್ದು ಡಾಕ್ಟರಿಗೇ ತೋರಿಸತೊಡಗಿದೆ.

"ನನಗೂ ಕಾಣಸ್ತದರಿ, ಕೂಡ್ರಿ," ಎಂದರು ಅವರು. "ರಕ್ತನಾಳದ ಗಂಟು. ಗ್ಲೋಮಸ್ ಟ್ಯೂಮರ್ ಇದ್ದಂಗ ಅದ. ಗಾತ್ರ ಸಣ್ಣದು, ನೋವು ರಾಕ್ಷಸಂದು. ಇಂಥವು ಸಾಮಾನ್ಯವಾಗಿ ಕ್ಯಾನ್ಸರ್ ಇರೂದಿಲ್ಲ. ಆಪರೇಶನ್ ಮಾಡಿ ತೆಗೆದು, ಲ್ಯಾಬಿಗೆ ಕಳಿಸಿದ್ರ ಖಾತ್ರಿ ಆಗ್ತದ."

ಟ್ಯೂಮರ್ ಎಂಬ ಶಬ್ದ ಕೇಳಿ ಇಷ್ಟು ಹಿಗ್ಗಿದ ದಂಪತಿಯನ್ನು ಅವರು ಹಿಂದೆಂದೂ ನೋಡಿರಲಿಕ್ಕಿಲ್ಲ. ಹೆಂಡತಿಯ ಕಣ್ಣಲ್ಲಿ ನೀರು, ತುಟಿಯಲ್ಲಿ ಗೆಲುವು. "ಆ ಕೆಂಪು ಕಾಣೂ ಫೋಟೋ ಕೊಡ್ರಿ. ಅತ್ತಿಯವ್ರಿಗೆ ತೋರಿಸಬೇಕು."

ಮನೆಯಲ್ಲಿ ಅವ್ವ ಕನ್ನಡಕ ಏರಿಸಿ ಆ ಫೋಟೋವನ್ನು ಆಚೀಚೆ ತಿರುಗಿಸಿ ನೋಡಿದಳು.

"ಇಂಥಾ ಬೆಂಕಿ ಬೆರಳಾಗ ಇಟ್ಕೊಂಡು ಇಷ್ಟು ದಿನಾ ರೊಟ್ಟಿ ಬಡದೀಯೇನಬೇ?" ಎಂದವಳೇ ಸೆರಗು ಸಿಕ್ಕಿಸಿ, ತಾನೇ ಹಿಟ್ಟಿನ ಮುಂದೆ ಕೂತಳು. ಆಪರೇಶನ್ ಮುಗಿಯುವವರೆಗೆ ಸೊಸೆ ಆ ಕಡೆ ಸುಳಿಯಕೂಡದೆಂದು ಅಪ್ಪಣೆಯಾಯಿತು.

ಹೆಂಡತಿ ಸುಳಿಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಇಷ್ಟು ಮಾತ್ರ ಹೇಳಿದಳು: "ಅತ್ತಿ, ಸ್ವಲ್ಪ ತೆಳ್ಳಗ ಬಡೀರಿ."